ಗುಂಯ್, ಪರ್ರ್, ಢಂ: ಸದ್ದಿನಿಂದಲೇ ನೆನಪಾಗುವ ಯುದ್ಧವಿಮಾನಗಳು

ಬೆಂಗಳೂರಿನ ವಿಮಾನಪುರದ ಆಸುಪಾಸಿನಲ್ಲಿ ಶಾಲೆ ಕಲಿತ ನನ್ನಂಥವರಿಗೆ ಒಂದು ದೃಶ್ಯ ಮರೆಯುವುದಿಲ್ಲ. ಎಚ್‌ಎಎಲ್ ರನ್‌ವೇಯಿಂದ ಜಾಗ್ವಾರ್ ವಿಮಾನ ಮೇಲೇಳುವ ಹೊತ್ತಿಗೆ ನಮ್ಮ ಗಣಿತದ ಮೇಷ್ಟ್ರು ಸೀಮೆಸುಣ್ಣವನ್ನು ಕರಿಹಲಗೆಯ ಮೇಲೆ ಊರಿದಲ್ಲೇ ಊರಿ, ಮಾತು ನಿಲ್ಲಿಸಿ, ಕಿಟಕಿಯ ಕಡೆಗೆ ಕಣ್ಣೂ ಹಾಯಿಸದೆ ಕಾಯುತ್ತಿದ್ದರು. ಸದ್ದು ಕಳೆದ ಮೇಲೆ ವಾಕ್ಯವನ್ನು ಮೊದಲಿನಿಂದ ಹೇಳುತ್ತಿರಲಿಲ್ಲ. ನಿಂತ ಪದದಿಂದಲೇ ಮುಂದುವರಿಸುತ್ತಿದ್ದರು. ಹಿಂದಿನ ಬೆಂಚಿನ ಹುಡುಗರಂತೂ ತಲೆಯೆತ್ತದೆಯೇ ಹಾರಿದ್ದು ಯಾವುದೆಂದು ಹೇಳಬಲ್ಲವರಾಗಿದ್ದರು. ತೆಳ್ಳಗೆ ಕೀರಲು ದನಿ ಎಳೆದರೆ ಅದು ತರಬೇತಿಯ ಕಿರಣ್, ಹೊಸ ಬಟ್ಟೆಯನ್ನು ಪರ್ರೆಂದು ಹರಿದಂತಾದರೆ ಅದು ಜಾಗ್ವಾರ್.

ಆ ಹುಡುಗರು ವಿಮಾನಗಳನ್ನು ಗುರುತಿಸುತ್ತಿದ್ದುದು ಸದ್ದು ಎಷ್ಟು ದೊಡ್ಡದು ಎಂಬುದರಿಂದ ಅಲ್ಲ, ಅದು ಎಂಥದ್ದು ಎಂಬುದರಿಂದ ಎನ್ನುವುದನ್ನು ಗಮನಿಸಬೇಕು. ಅತಿ ಗದ್ದಲದ ಯುದ್ಧವಿಮಾನಗಳನ್ನು ಹತ್ತಿರದಿಂದ ಕೇಳಿದವರ ನೆನಪುಗಳು ಎಲ್ಲ ದೇಶಗಳಲ್ಲಿಯೂ ಹೀಗೆಯೇ ಇವೆ. ಅವರು ಡೆಸಿಬಲ್ ಲೆಕ್ಕ ಹೇಳುವುದಿಲ್ಲ. ಗುಂಯ್‌ಗುಟ್ಟಿತು, ಬಟ್ಟೆ ಹರಿದ ಹಾಗಾಯಿತು, ಊಳಿಟ್ಟಿತು, ಢಂ ಎಂದಿತು ಎನ್ನುತ್ತಾರೆ. ನಮ್ಮ ವ್ಯಾಕರಣಕಾರರು ಇಂಥ ಪದಗಳಿಗೆ ಅನುಕರಣಾವ್ಯಯಗಳೆಂದು ಹೆಸರಿಟ್ಟು ಒಂದು ಮೂಲೆಯಲ್ಲಿ ಕೂರಿಸಿದ್ದಾರೆ. ಆದರೆ ವಿಮಾನದ ಸದ್ದಿನ ಮಟ್ಟಿಗೆ ಈ ಪದಗಳು ಅಳತೆಯ ಉಪಕರಣಗಳಿಗಿಂತ ಹೆಚ್ಚಿನದನ್ನು ಹೇಳಬಲ್ಲವು, ಏಕೆಂದರೆ ಪ್ರತಿಯೊಂದು ಬಗೆಯ ಸದ್ದಿನ ಹಿಂದೆಯೂ ಬೇರೆಯದೇ ಆದ ಒಂದು ಭೌತಿಕ ಕಾರಣವಿದೆ. ದೊಡ್ಡ ಎಂಜಿನ್ ಇದ್ದರೆ ದೊಡ್ಡ ಸದ್ದು ಎಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ಹೆಚ್ಚು ದೂರ ಬರುವುದಿಲ್ಲ.

ಇದಕ್ಕೆ ಅತ್ಯುತ್ತಮ ಉದಾಹರಣೆ 1950ರ ದಶಕದ ಅಮೆರಿಕದ ಒಂದು ಪ್ರಯೋಗವಿಮಾನ. ರಿಪಬ್ಲಿಕ್ ಏವಿಯೇಷನ್ ಕಂಪನಿ ತನ್ನ ಎಫ್-84ಎಫ್ ಜೆಟ್ ಯುದ್ಧವಿಮಾನದ ಒಡಲಿಗೆ ಜೆಟ್ ಎಂಜಿನ್ನಿನ ಬದಲು ಆಲಿಸನ್ ಕಂಪನಿಯ ಟರ್ಬೊಪ್ರಾಪ್, ಅಂದರೆ ಪ್ರೊಪೆಲ್ಲರನ್ನು ಸುತ್ತಿಸುವ ಟರ್ಬೈನ್ ಎಂಜಿನ್ ಹೂಡಿ, ಮೂಗಿನ ತುದಿಗೆ ಮೂರು ಅಲಗಿನ ಪ್ರೊಪೆಲ್ಲರ್ ಜೋಡಿಸಿ ಎಕ್ಸ್‌ಎಫ್-84ಎಚ್ ಎಂಬ ವಿಮಾನವನ್ನು ತಯಾರಿಸಿತು. ಜೆಟ್ ಯುಗ ಆರಂಭವಾದ ಮೇಲೆ ಮತ್ತೆ ಪ್ರೊಪೆಲ್ಲರಿಗೆ ಮರಳಿದ್ದಕ್ಕೆ ಕಾರಣವಿತ್ತು. ಆ ಕಾಲದ ಜೆಟ್ ಎಂಜಿನ್‌ಗಳು ಇಂಧನವನ್ನು ವಿಪರೀತ ಕುಡಿಯುತ್ತಿದ್ದವು. ಜೊತೆಗೆ ಪೈಲಟ್ ಥ್ರಾಟಲ್ ಮುಂದೆ ತಳ್ಳಿದ ಕೆಲವು ಸೆಕೆಂಡುಗಳ ನಂತರವಷ್ಟೇ ಅವುಗಳಿಗೆ ಬಲ ಬರುತ್ತಿತ್ತು. ವಿಮಾನವಾಹಕ ಹಡಗಿನ ಚಿಕ್ಕ ಅಂಗಳದಲ್ಲಿ ಇಳಿಯಬೇಕಾದ ಪೈಲಟ್‌ಗೆ ಆ ಕೆಲವು ಸೆಕೆಂಡುಗಳೇ ಪ್ರಾಣಕ್ಕೆ ಸಂಚಕಾರ. ಪ್ರೊಪೆಲ್ಲರಿನಲ್ಲಾದರೆ ಎಂಜಿನ್ ಒಂದೇ ವೇಗದಲ್ಲಿ ಸುತ್ತುತ್ತಿರುತ್ತದೆ, ಅಲಗುಗಳ ಓರೆಯನ್ನು ಬದಲಿಸಿದರೆ ಸಾಕು, ಎಳೆತ ತಕ್ಷಣ ಹೆಚ್ಚುತ್ತದೆ ಅಥವಾ ಕುಗ್ಗುತ್ತದೆ. ಯೋಚನೆ ಚೆನ್ನಾಗಿಯೇ ಇತ್ತು.

ತೊಂದರೆ ಇದ್ದದ್ದು ಆ ಸುತ್ತುವ ವೇಗದಲ್ಲಿ. ಪ್ರೊಪೆಲ್ಲರಿನ ವ್ಯಾಸ 12 ಅಡಿ, ಅಂದರೆ ಸುಮಾರು 3.66 ಮೀಟರ್. ಇದರ ತುದಿ ಒಂದು ಸುತ್ತು ಬರಲು ಸುಮಾರು 11.5 ಮೀಟರ್ ದೂರ ಸಾಗಬೇಕು. ನೆಲಮಟ್ಟದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್; ಹಾಗಾಗಿ ಪ್ರೊಪೆಲ್ಲರ್ ಸೆಕೆಂಡಿಗೆ 30 ಸುತ್ತು ಸುತ್ತಿದರೆ ಅದರ ತುದಿ ಶಬ್ದದ ವೇಗವನ್ನು ಮೀರುತ್ತದೆ. ಈ ವಿಮಾನದ ಪ್ರೊಪೆಲ್ಲರ್ ಆ ಗಡಿಯನ್ನು ಎಷ್ಟು ದಾಟಿತ್ತೆಂದರೆ, ತುದಿ ಮಾತ್ರವಲ್ಲ, ಪ್ರತಿ ಅಲಗಿನ ಹೊರಗಿನ ಎರಡು ಅಡಿಗೂ ಹೆಚ್ಚಿನ ಭಾಗ ಶಬ್ದಕ್ಕಿಂತ ವೇಗವಾಗಿ ಗಾಳಿಯನ್ನು ಸೀಳುತ್ತಿತ್ತು. ಎಂಜಿನ್ ಸದಾ ಒಂದೇ ವೇಗದಲ್ಲಿ ಸುತ್ತುವುದರಿಂದ, ವಿಮಾನ ನಿಂತಲ್ಲೇ ನಿಂತು ಎಳೆತ ಕನಿಷ್ಠವಾಗಿದ್ದಾಗಲೂ ಇದು ತಪ್ಪುತ್ತಿರಲಿಲ್ಲ. ಬೇರೆ ವಿಮಾನಗಳು ಹಾರುವಾಗ ಗದ್ದಲ ಮಾಡಿದರೆ ಇದು ಸುಮ್ಮನೆ ನಿಂತಿದ್ದಾಗಲೇ ಅಷ್ಟು ಗದ್ದಲ ಮಾಡುತ್ತಿತ್ತು.

ಶಬ್ದಕ್ಕಿಂತ ವೇಗವಾಗಿ ಚಲಿಸುವ ಯಾವ ವಸ್ತುವಾದರೂ ತನ್ನ ಮುಂದಿನ ಗಾಳಿಗೆ ಸರಿದುಕೊಳ್ಳಲು ಮುನ್ಸೂಚನೆ ಕೊಡುವುದಿಲ್ಲ, ಏಕೆಂದರೆ ಗಾಳಿಯಲ್ಲಿ ಸೂಚನೆ ಸಾಗುವುದು ಶಬ್ದದ ವೇಗದಲ್ಲಿಯೇ. ಹಾಗಾಗಿ ಗಾಳಿಯ ಒತ್ತಡ ನಿಧಾನವಾಗಿ ಏರುವುದರ ಬದಲು ಒಮ್ಮೆಲೇ ಗೋಡೆಯಂತೆ ಎದ್ದು ನಿಲ್ಲುತ್ತದೆ. ಇದೇ ಆಘಾತ ತರಂಗ. ಸಾಮಾನ್ಯವಾಗಿ ಇಂಥದ್ದೊಂದು ತರಂಗ ನಮ್ಮನ್ನು ಹಾದುಹೋದರೆ ಒಂದು ಢಂ ಕೇಳಿ ಮುಗಿಯುತ್ತದೆ. ಎಕ್ಸ್‌ಎಫ್-84ಎಚ್‌ನ ಮೂರು ಅಲಗುಗಳು ಪ್ರತಿ ಸುತ್ತಿಗೂ ಮೂರು ಆಘಾತ ತರಂಗಗಳನ್ನು, ಒಂದರ ಬೆನ್ನಿಗೆ ಇನ್ನೊಂದು ಎಂಬಂತೆ, ಎಡೆಬಿಡದೆ ಬಿಡುತ್ತಿದ್ದವು. ಈ ತರಂಗಗಳು ಮುಖ್ಯವಾಗಿ ಹರಡುತ್ತಿದ್ದುದು ಪ್ರೊಪೆಲ್ಲರ್ ಸುತ್ತುವ ಸಮತಲದಲ್ಲಿ, ಅಂದರೆ ವಿಮಾನದ ಎಡಬಲಕ್ಕೆ. ನೆಲದ ಸಿಬ್ಬಂದಿ ನಿಂತು ಕೆಲಸ ಮಾಡುವ ಜಾಗವೂ ಹೆಚ್ಚುಕಡಿಮೆ ಅದೇ.

ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯಲ್ಲಿ 1955ರ ಜುಲೈ 22ರಂದು ಇದು ಮೊದಲ ಬಾರಿ ಹಾರಿತು. ಅದರ ಎಂಜಿನ್ ಪರೀಕ್ಷೆ ಸುಮಾರು 40 ಕಿಲೋಮೀಟರ್ ದೂರಕ್ಕೂ ಕೇಳಿಸುತ್ತಿತ್ತೆಂದು ಹೇಳಲಾಗುತ್ತದೆ. ಅದರ ಬಗ್ಗೆ ಉಳಿದಿರುವ ನೆನಪುಗಳಲ್ಲಿ ಕಿವಿನೋವಿಗಿಂತ ಹೆಚ್ಚಾಗಿ ಬರುವುದು ಹೊಟ್ಟೆ ತೊಳಸುವುದು ಮತ್ತು ತಲೆನೋವು. ಹತ್ತಿರದಲ್ಲಿ ನಿಂತಿದ್ದ ಸಿ-47 ಸಾರಿಗೆ ವಿಮಾನದ ಒಳಗಿದ್ದ ಸಿಬ್ಬಂದಿಯೊಬ್ಬರು ಅರ್ಧ ಗಂಟೆಯ ಎಂಜಿನ್ ಪರೀಕ್ಷೆ ಮುಗಿಯುವಷ್ಟರಲ್ಲಿ ಏಳಲಾಗದ ಸ್ಥಿತಿ ತಲುಪಿದ್ದರು. ಇದು ಉತ್ಪ್ರೇಕ್ಷೆಯಲ್ಲ. ನಮ್ಮ ಒಳಗಿವಿಯಲ್ಲಿ ಕೇಳುವ ಅಂಗವೂ ದೇಹದ ಸಮತೋಲನ ಕಾಯುವ ಅಂಗವೂ ಒಂದಕ್ಕೊಂದು ಅಂಟಿಕೊಂಡಿದ್ದು, ಎರಡರಲ್ಲಿಯೂ ತುಂಬಿರುವ ದ್ರವ ಒಂದೇ. ಸದ್ದು ಅತಿಯಾದಾಗ ಅದರ ಹೊಡೆತ ಕೇಳುವ ಅಂಗದಲ್ಲೇ ನಿಲ್ಲದೆ ಪಕ್ಕದ ಮನೆಗೂ ತಟ್ಟುತ್ತದೆ. ಆಗ ನಿಂತ ನೆಲವೇ ತೇಲಿದಂತಾಗಿ ಓಕರಿಕೆ ಬರುತ್ತದೆ. ಕಿವಿ ಮುಚ್ಚಿಕೊಂಡರೂ ಪೂರ್ತಿ ಪ್ರಯೋಜನವಿಲ್ಲ. ಒಂದು ಮಿತಿ ದಾಟಿದ ಸದ್ದು ತಲೆಬುರುಡೆಯ ಮೂಳೆಗಳ ಮೂಲಕವೇ ಒಳಗಿವಿಯನ್ನು ತಲುಪುತ್ತದೆ.

ವಾಯುನೆಲೆಯ ಕಂಟ್ರೋಲ್ ಟವರಿನ ಸೂಕ್ಷ್ಮ ಉಪಕರಣಗಳಿಗೂ ಕಂಪನದ ಭಯ ತಟ್ಟಿತು. ರೇಡಿಯೋ ಮಾತು ಕೇಳಿಸದೆ ದೀಪದ ಸಂಕೇತಗಳಿಂದ ವ್ಯವಹರಿಸಬೇಕಾಯಿತು. ಕಡೆಗೆ, ಈ ವಿಮಾನದ ಎಂಜಿನ್ ಚಾಲೂ ಮಾಡುವ ಮೊದಲು ಅದನ್ನು ಒಣಗಿದ ಕೆರೆಯಂಗಳದ ದೂರದ ಮೂಲೆಗೆ ಎಳೆದುಕೊಂಡು ಹೋಗಬೇಕೆಂಬ ಆಜ್ಞೆಯೇ ಹೊರಟಿತು. ವಿಮಾನಕ್ಕೆ ಥಂಡರ್‌ಸ್ಕ್ರೀಚ್, ಅಂದರೆ ಗುಡುಗಿನ ಚೀರಾಟ, ಎಂಬ ಅಡ್ಡಹೆಸರು ಅಂಟಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಎರಡು ಮಾದರಿಗಳು ಸೇರಿ ಹಾರಿದ್ದು ಬರೇ 12 ಬಾರಿ, ಒಟ್ಟು 6 ಗಂಟೆ 40 ನಿಮಿಷ. ಆ ಹಾರಾಟಗಳಲ್ಲಿ ಬಹುಪಾಲು ಒಂದಲ್ಲ ಒಂದು ದೋಷದಿಂದ ತುರ್ತಾಗಿ ಇಳಿಯುವುದರಲ್ಲಿ ಮುಗಿದವು. ಪರೀಕ್ಷಾ ಪೈಲಟ್ ಲಿನ್ ಹೆಂಡ್ರಿಕ್ಸ್ ಒಂದು ಸಲ ಹಾರಿಸಿ ಬಂದವರು ಮತ್ತೆ ಅದನ್ನು ಹತ್ತಲು ಖಡಾಖಂಡಿತವಾಗಿ ಒಪ್ಪಲಿಲ್ಲ. 1956ರಲ್ಲಿ ಯೋಜನೆಯನ್ನು ಕೈಬಿಡಲಾಯಿತು.

ಥಂಡರ್‌ಸ್ಕ್ರೀಚ್ ಅಪವಾದವಾಗಿ ಮುಗಿದರೂ ವೇಗದ ಪ್ರೊಪೆಲ್ಲರಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸೋವಿಯತ್ ಒಕ್ಕೂಟದ ಟುಪೊಲೆವ್ ಟಿಯು-95 ಬಾಂಬರ್ ಮತ್ತು ಅದರಿಂದ ಹುಟ್ಟಿದ ಸಾಗರಗಾವಲಿನ ಟಿಯು-142 ವಿಮಾನಗಳು ದಶಕಗಳ ಕಾಲ ಸೇವೆಯಲ್ಲಿದ್ದು, ಹಾರಿದಲ್ಲೆಲ್ಲ ತಮ್ಮ ಗುಂಯ್‌ಕಾರದ ನೆನಪನ್ನು ಬಿಟ್ಟುಹೋಗಿವೆ. ಇವುಗಳ ನಾಲ್ಕು ಎಂಜಿನ್‌ಗಳು ತಲಾ ಸುಮಾರು 15,000 ಅಶ್ವಶಕ್ತಿಯವು. ಪ್ರತಿ ಎಂಜಿನ್ನಿಗೂ ಒಂದರ ಹಿಂದೆ ಒಂದರಂತೆ ನಾಲ್ಕು ಅಲಗಿನ ಎರಡು ಪ್ರೊಪೆಲ್ಲರ್‌ಗಳಿದ್ದು ಅವು ಪರಸ್ಪರ ವಿರುದ್ಧ ದಿಕ್ಕಿಗೆ ಸುತ್ತುತ್ತವೆ. ವ್ಯಾಸ 5.6 ಮೀಟರ್. ಇಷ್ಟು ದೊಡ್ಡ ಪ್ರೊಪೆಲ್ಲರನ್ನು ಎಂಜಿನಿಯರುಗಳು ನಿಮಿಷಕ್ಕೆ ಸುಮಾರು 750 ಸುತ್ತಿನಂತೆ, ನಿಧಾನವಾಗಿಯೇ ತಿರುಗಿಸುತ್ತಾರೆ. ಲೆಕ್ಕ ಹಾಕಿದರೆ ಅಲಗಿನ ತುದಿಯ ವೇಗ ಸೆಕೆಂಡಿಗೆ 220 ಮೀಟರ್ ಮಾತ್ರ, ಶಬ್ದದ ವೇಗಕ್ಕಿಂತ ಎಷ್ಟೋ ಕಡಿಮೆ. ಹಾಗಿದ್ದ ಮೇಲೆ ಅಷ್ಟೊಂದು ಗದ್ದಲ ಎಲ್ಲಿಂದ ಬಂತು?

ಅಲಗಿನ ತುದಿ ಸುತ್ತುವುದಷ್ಟೇ ಅಲ್ಲ, ವಿಮಾನದೊಂದಿಗೆ ಮುಂದಕ್ಕೂ ಹೋಗುತ್ತದೆ. ಅದರ ನಿಜವಾದ ದಾರಿ ಸ್ಪ್ರಿಂಗಿನ ಸುರುಳಿಯಂಥದ್ದು. ವಿಮಾನ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹಾರುತ್ತಿದ್ದರೆ, ಲಂಬಕೋನದಲ್ಲಿರುವ ಈ ಎರಡು ವೇಗಗಳನ್ನು ಪೈಥಾಗೊರಸನ ಸೂತ್ರದಂತೆ ಕೂಡಿಸಬೇಕು. ಬರುವ ಉತ್ತರ ಸುಮಾರು 297 ಮೀಟರ್. ಇತ್ತ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದ ತಣ್ಣನೆಯ ಗಾಳಿಯಲ್ಲಿ ಶಬ್ದದ ವೇಗವೂ ಸೆಕೆಂಡಿಗೆ 300 ಮೀಟರಿಗಿಂತ ಕೆಳಗಿಳಿದಿರುತ್ತದೆ. ಹೀಗೆ, ಸುತ್ತುವಿಕೆ ಹೆಚ್ಚದಿದ್ದರೂ ಅಲಗಿನ ತುದಿ ಶಬ್ದದ ಗಡಿಯನ್ನು ಮುಟ್ಟಿಬಿಡುತ್ತದೆ. ಅದರ ಮೇಲೆ, ಮುಂದಿನ ಪ್ರೊಪೆಲ್ಲರ್ ಕಲಕಿಬಿಟ್ಟ ಗಾಳಿಯನ್ನು ಹಿಂದಿನ ಪ್ರೊಪೆಲ್ಲರ್ ಎದುರು ದಿಕ್ಕಿನಿಂದ ಮತ್ತೆ ಕಡಿಯುತ್ತದೆ. ಪ್ರತಿಯೊಂದು ಕಡಿತವೂ ಒಂದು ಒತ್ತಡದ ಮಿಡಿತ. ಸೆಕೆಂಡಿಗೆ 12.5 ಸುತ್ತು, ಸುತ್ತಿಗೆ ನಾಲ್ಕು ಅಲಗು ಎಂದು ಗುಣಿಸಿದರೆ ಮೂಲಸ್ವರ 50 ಹರ್ಟ್ಸ್ ಆಗುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದು 100 ಹರ್ಟ್ಸ್‌ನಲ್ಲಾದರೆ, ಇದು ಅದಕ್ಕಿಂತಲೂ ಒಂದು ಸ್ಥಾಯಿ ಕೆಳಗೆ. ನಾಲ್ಕು ಎಂಜಿನ್‌ಗಳ ಸುತ್ತು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಆ ಗುಂಯ್‌ಕಾರ ಏರುತ್ತ ಇಳಿಯುತ್ತ, ಶ್ರುತಿ ಕೂಡದ ತಂಬೂರಿಯ ಹಾಗೆ ಅಲೆಅಲೆಯಾಗಿ ಕೇಳಿಸುತ್ತದೆ.

ಕೆಳಸ್ಥಾಯಿಯ ಸದ್ದನ್ನು ಗಾಳಿ ಹೆಚ್ಚು ಹೀರಿಕೊಳ್ಳುವುದಿಲ್ಲ. ಮದುವೆ ಮೆರವಣಿಗೆ ಇನ್ನೂ ಎರಡು ಬೀದಿ ಆಚೆ ಇರುವಾಗ ವಾಲಗ ಕೇಳಿಸದೆ ಡೋಲಿನ ಗುದ್ದು ಮಾತ್ರ ತಲುಪುವುದು ಇದೇ ಕಾರಣದಿಂದ. ಆದ್ದರಿಂದ ಈ ವಿಮಾನಗಳು ಕಣ್ಣಿಗೆ ಕಾಣುವ ಎಷ್ಟೋ ಮೊದಲೇ ಎದೆಗೂಡಿಗೆ ತಿಳಿಯುತ್ತಿದ್ದವು. ಸಾಗರದ ಆಳದಲ್ಲಿರುವ ಜಲಾಂತರ್ಗಾಮಿಗಳ ಸೋನಾರಿಗೂ ಇವು ಕೇಳಿಸುತ್ತಿದ್ದವು ಎಂಬ ಮಾತು ನೌಕಾಪಡೆಗಳ ವಲಯದಲ್ಲಿ ಹಳೆಯದು. ವಿಮಾನದ ಸದ್ದು ನೀರಿಗಿಳಿಯುವುದೇ ಎಂದು ಅನುಮಾನಿಸುವವರು ಒಂದು ಸಂಗತಿಯನ್ನು ಗಮನಿಸಬಹುದು: ಅಮೆರಿಕದ ವಿಡ್ಬಿ ದ್ವೀಪದ ನೌಕಾ ವಾಯುನೆಲೆಯ ಬಳಿ ಗ್ರೌಲರ್ ಜೆಟ್‌ಗಳ ಸದ್ದನ್ನು ಸಂಶೋಧಕರು ನೀರಿನ 30 ಮೀಟರ್ ಆಳದಲ್ಲಿಯೇ ದಾಖಲಿಸಿ 2020ರಲ್ಲಿ ಪ್ರಕಟಿಸಿದ್ದಾರೆ.

ಭಾರತೀಯ ನೌಕಾಪಡೆ 1988ರಲ್ಲಿ ಎಂಟು ಟಿಯು-142 ವಿಮಾನಗಳನ್ನು ಪಡೆಯಿತು. ಅವು ಮೊದಲು ಗೋವಾದ ದಾಬೋಲಿಮ್‌ನಲ್ಲಿದ್ದು, ನಂತರ ತಮಿಳುನಾಡಿನ ಅರಕ್ಕೋಣಂಗೆ ಹೋದವು. 2017ರ ಮಾರ್ಚ್ 29ರಂದು ಅಲ್ಲಿಯೇ ನಿವೃತ್ತಿಯಾದವು. ಅವುಗಳಲ್ಲಿ ಒಂದು ಈಗ ನಮ್ಮ ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ಚಾಪಲ್ ಯುದ್ಧನೌಕೆಯ ಪಕ್ಕದಲ್ಲಿ ನಿಂತಿದೆ. ನೋಡಲು ಹೋದವರು ಸಾಮಾನ್ಯವಾಗಿ ಅದರ ಉದ್ದವನ್ನೂ ರೆಕ್ಕೆಗಳ ಹರವನ್ನೂ ಕಂಡು ಬೆರಗಾಗಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ನನ್ನ ಸಲಹೆಯೆಂದರೆ, ಒಂದು ಎಂಜಿನ್ನಿನ ಪಕ್ಕಕ್ಕೆ ನಿಂತು ಆ ಎರಡು ಸಾಲು ಅಲಗುಗಳ ನಡುವಿನ ಕಿರಿದಾದ ಸಂದಿಯನ್ನು ನೋಡಬೇಕು. ಆ ವಿಮಾನದ ದನಿ ಹುಟ್ಟುತ್ತಿದ್ದ ಜಾಗ ಅದು.

ಪ್ರೊಪೆಲ್ಲರಿನಿಂದ ಜೆಟ್‌ಗೆ ಬಂದರೆ ಸದ್ದಿನ ಮೂಲವೇ ಬದಲಾಗುತ್ತದೆ. ಜೆಟ್ ವಿಮಾನದ ಮೊರೆತ ಎಂಜಿನ್ನಿನ ಒಳಗೆ ಹುಟ್ಟುವುದೆಂದು ನಾವು ತಿಳಿದಿರುತ್ತೇವೆ, ಆದರೆ ಅದರ ಬಹುಪಾಲು ಹುಟ್ಟುವುದು ಎಂಜಿನ್ನಿನ ಹೊರಗೆ, ಹಿಂದೆ, ಬರಿಯ ಗಾಳಿಯಲ್ಲಿ. ಕೊಳವೆಯಿಂದ ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ನುಗ್ಗುವ ಬಿಸಿ ಅನಿಲ ನಿಶ್ಚಲವಾದ ಹೊರಗಾಳಿಗೆ ಉಜ್ಜಿ, ಅದನ್ನು ಸುಳಿಸುಳಿಯಾಗಿ ಕಲಕುವಾಗ ಒತ್ತಡ ಏರುಪೇರಾಗಿ ಸದ್ದಾಗುತ್ತದೆ. ಬ್ರಿಟನ್ನಿನ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್ 1952ರಲ್ಲಿ ಇದಕ್ಕೊಂದು ಸಿದ್ಧಾಂತ ಕೊಟ್ಟರು. ಅದರ ಪ್ರಕಾರ ಹೀಗೆ ಹುಟ್ಟುವ ಶಬ್ದದ ಶಕ್ತಿ ಅನಿಲದ ವೇಗದ ಎಂಟನೇ ಘಾತಕ್ಕೆ ಅನುಗುಣವಾಗಿರುತ್ತದೆ. ಅಂದರೆ ಕೊಳವೆಯ ಅಳತೆ ಅದೇ ಇದ್ದು ವೇಗ ಎರಡು ಪಟ್ಟಾದರೆ ಶಬ್ದಶಕ್ತಿ 256 ಪಟ್ಟಾಗುತ್ತದೆ. ಭೌತಶಾಸ್ತ್ರದಲ್ಲಿ ಎರಡನೇ ಘಾತ, ಮೂರನೇ ಘಾತಗಳು ದಿನನಿತ್ಯದವು. ಎಂಟನೇ ಘಾತ ಎದುರಾಗುವುದು ಅಪರೂಪ.

ಈ ಒಂದು ನಿಯಮ ತಿಳಿದರೆ ಪ್ರಯಾಣಿಕ ವಿಮಾನಗಳು ಏಕೆ ಶಾಂತವಾದವು, ಯುದ್ಧವಿಮಾನಗಳು ಏಕೆ ಆಗಲಿಲ್ಲ ಎಂಬುದು ತಾನಾಗಿ ಹೊಳೆಯುತ್ತದೆ. ವಿಮಾನವನ್ನು ತಳ್ಳುವ ಬಲವನ್ನು ಎರಡು ರೀತಿಯಲ್ಲಿ ಪಡೆಯಬಹುದು: ಸ್ವಲ್ಪ ಗಾಳಿಯನ್ನು ಅತಿವೇಗದಲ್ಲಿ ಎಸೆಯುವುದು, ಇಲ್ಲವೇ ಬಹಳ ಗಾಳಿಯನ್ನು ನಿಧಾನವಾಗಿ ಎಸೆಯುವುದು. ಅದೇ ಬಲಕ್ಕೆ ಎರಡು ಪಟ್ಟು ಗಾಳಿಯನ್ನು ಅರ್ಧ ವೇಗದಲ್ಲಿ ಎಸೆದರೆ ಕೊಳವೆಯ ಬಾಯಿಯ ವಿಸ್ತೀರ್ಣ ನಾಲ್ಕು ಪಟ್ಟಾಗಬೇಕಾಗುತ್ತದೆ, ಆದರೂ ಶಬ್ದಶಕ್ತಿ 64ನೇ ಒಂದು ಭಾಗಕ್ಕೆ ಇಳಿಯುತ್ತದೆ. ಈಗಿನ ಪ್ರಯಾಣಿಕ ವಿಮಾನಗಳ ಎಂಜಿನ್‌ಗಳು ಮುಂದೆ ಅಷ್ಟು ದೊಡ್ಡ ಫ್ಯಾನ್ ಹೊತ್ತು ಡೊಳ್ಳುಹೊಟ್ಟೆಯಂತೆ ಕಾಣುವುದು ಇದಕ್ಕೇ. ಫ್ಯಾನಿನ ಗಾಳಿಯಲ್ಲಿ ಬಹುಪಾಲು ಉರಿಯುವ ಒಡಲಿಗೆ ಹೋಗದೆ ಸುತ್ತಲಿಂದ ಹಾಯ್ದುಹೋಗುತ್ತದೆ. ಅಮೆರಿಕದ ವಾಯುಪಡೆ ತನ್ನ ಕೆಸಿ-135 ಇಂಧನವಾಹಕಗಳಲ್ಲಿ ಇದನ್ನು ಕಣ್ಣಾರೆ, ಅಲ್ಲ ಕಿವಿಯಾರೆ, ಕಂಡುಕೊಂಡಿತು. 1950ರ ದಶಕದ ಜೆ57 ಎಂಜಿನ್‌ಗಳಿದ್ದಾಗ ಅವು ಏರುವಾಗ ಹೆಚ್ಚಿನ ಬಲಕ್ಕಾಗಿ ನೀರನ್ನು ಚಿಮ್ಮಿಸಿಕೊಂಡು, ಕಪ್ಪು ಹೊಗೆ ಕಾರುತ್ತ, ಊರನ್ನೇ ನಡುಗಿಸಿ ಹೋಗುತ್ತಿದ್ದವು. ನಂತರ ಅದೇ ಒಡಲಿಗೆ ದೊಡ್ಡ ಫ್ಯಾನಿನ ಸಿಎಫ್‌ಎಂ56 ಎಂಜಿನ್ ಹಾಕಿದಾಗ ತಳ್ಳುವ ಬಲ ಒಂದೂವರೆ ಪಟ್ಟಾಯಿತು, ಗದ್ದಲ ಗುರುತು ಸಿಗದಷ್ಟು ಇಳಿಯಿತು.

ಯುದ್ಧವಿಮಾನಕ್ಕೆ ಈ ಉಪಾಯ ಒಗ್ಗುವುದಿಲ್ಲ. ಶಬ್ದಾತೀತ ವೇಗದಲ್ಲಿ ಹಾರಬೇಕಾದ ತೆಳ್ಳನೆಯ ಒಡಲಿನೊಳಗೆ ಅಗಲವಾದ ಫ್ಯಾನ್ ಹಿಡಿಸುವುದಿಲ್ಲ, ಹಿಡಿಸಿದರೂ ನಿಧಾನವಾದ ಗಾಳಿ ಆ ವೇಗದಲ್ಲಿ ಕೆಲಸಕ್ಕೆ ಬಾರದು. ನಮ್ಮ ತೇಜಸ್‌ನ ಎಫ್404 ಎಂಜಿನ್ನಿನಲ್ಲಿ ಸುತ್ತಲಿಂದ ಹಾಯುವ ಗಾಳಿ ಒಡಲಿಗೆ ಹೋಗುವ ಗಾಳಿಯ ಸುಮಾರು ಮೂರನೇ ಒಂದು ಪಾಲು ಮಾತ್ರ. ಪ್ರಯಾಣಿಕ ವಿಮಾನಗಳಲ್ಲಿ ಅದು ಐದು, ಹತ್ತು ಪಟ್ಟು ಇರುತ್ತದೆ. ಸಾಲದ್ದಕ್ಕೆ ಆಫ್ಟರ್‌ಬರ್ನರ್ ಹಚ್ಚಿದಾಗ ಹೊರಬೀಳುವ ಅನಿಲಕ್ಕೆ ಮತ್ತಷ್ಟು ಇಂಧನ ಸುರಿದು ಉರಿಸಲಾಗುತ್ತದೆ. ಇದರ ಜೊತೆಗೆ ಕಾನೂನಿನ ಮಾತೂ ಇದೆ. 1970ರ ದಶಕದಿಂದೀಚೆಗೆ ಬಂದ ಅಂತರರಾಷ್ಟ್ರೀಯ ಶಬ್ದಮಿತಿಗಳು ನಾಗರಿಕ ವಿಮಾನಗಳಿಗೆ ಮಾತ್ರ ಅನ್ವಯಿಸುತ್ತವೆ, ಸೇನೆಯ ವಿಮಾನಗಳಿಗೆ ಅಲ್ಲ.

ಆಫ್ಟರ್‌ಬರ್ನರ್ ಹಚ್ಚಿದ ಜೆಟ್‌ನಲ್ಲಿ ಲೈಟ್‌ಹಿಲ್ ನಿಯಮದ ಆಚೆಗಿನ ಇನ್ನೊಂದು ವಿದ್ಯಮಾನ ಆರಂಭವಾಗುತ್ತದೆ. ನಮ್ಮ ತರಗತಿಯ ಹುಡುಗರು ಬಟ್ಟೆ ಹರಿದಂತೆ ಎನ್ನುತ್ತಿದ್ದುದು ಇದನ್ನೇ. ಅನಿಲದ ವೇಗ ಬಹಳ ಹೆಚ್ಚಾದಾಗ ಅದರ ಅಂಚಿನ ಸುಳಿಗಳೇ ಹೊರಗಾಳಿಯ ಶಬ್ದವೇಗವನ್ನು ಮೀರಿ ಓಡತೊಡಗುತ್ತವೆ. ಆಗ ಒಂದೊಂದು ಸುಳಿಯೂ ಪುಟ್ಟ ವಿಮಾನವಿದ್ದಂತೆ ತನ್ನದೇ ಆಘಾತ ತರಂಗವನ್ನು ಎಸೆಯುತ್ತದೆ. ಇವು ಕ್ರಮವಿಲ್ಲದೆ, ಒಂದರ ಮೇಲೊಂದು ಬೀಳುತ್ತ ಬರುವುದರಿಂದ ಕೇಳುವವರಿಗೆ ಒಂದೇ ಮೊರೆತವಾಗಿ ಕೇಳಿಸದೆ, ಮೊರೆತದ ನಡುವೆ ಸಾವಿರಾರು ಚೂಪಾದ ಸಿಡಿತಗಳಾಗಿ ಕೇಳಿಸುತ್ತದೆ. ಬಟ್ಟೆ ಹರಿಯುವಾಗ ಆಗುವುದೂ ಇಷ್ಟೇ: ಎಳೆಗಳು ಒಂದೊಂದಾಗಿ, ಲೆಕ್ಕಕ್ಕೆ ಸಿಗದಷ್ಟು ಬೇಗ ಬೇಗ ತುಂಡಾಗುತ್ತವೆ. ಕಾಂಕಾರ್ಡ್ ವಿಮಾನದ ಎಂಜಿನ್ನಿನಲ್ಲಿ ಈ ಸಿಡಿತವನ್ನು ಅಭ್ಯಸಿಸಿದ ಫೌಕ್ಸ್ ವಿಲಿಯಮ್ಸ್ ಮತ್ತು ಸಂಗಡಿಗರು 1975ರಲ್ಲಿ ಪ್ರಬಂಧ ಪ್ರಕಟಿಸಿದಾಗ ಅದಕ್ಕೆ ಕ್ರ್ಯಾಕಲ್ ಎಂದೇ ಹೆಸರಿಟ್ಟರು. ಅದೂ ಒಂದು ಅನುಕರಣಾವ್ಯಯವೇ. ಯಲಹಂಕದ ಏರೋ ಇಂಡಿಯಾದಲ್ಲಿ ಸುಖೋಯ್-30 ನೆಟ್ಟಗೆ ಮೇಲಕ್ಕೇರುವಾಗಲೋ, 2021ರಲ್ಲಿ ಅಮೆರಿಕದ ಬಿ-1ಬಿ ಬಾಂಬರ್ ತಲೆಯ ಮೇಲೆ ಹಾದಾಗಲೋ ಅಲ್ಲಿದ್ದವರು ಇದನ್ನು ಕೇಳಿದ್ದಾರೆ. ವಿಮಾನ ಎದುರಿಗೆ ಬರುವಾಗ ಇದು ಕಡಿಮೆ. ದಾಟಿದ ಮೇಲೆ, ಹಿಂದಿನ ಓರೆಯಿಂದ, ಒಮ್ಮೆಲೇ ಎರಗುತ್ತದೆ, ಏಕೆಂದರೆ ಈ ತರಂಗಗಳು ಹಿಂಬದಿಯ ಓರೆಯಲ್ಲೇ ಹೆಚ್ಚಾಗಿ ಹರಡುತ್ತವೆ.

ಊಳಿಡುವ ವಿಮಾನದ ವಿಷಯ ಚಿಕ್ಕದು. ಬ್ರಿಟನ್ನಿನ ವಲ್ಕನ್ ಬಾಂಬರ್‌ನ ಎಂಜಿನ್‌ಗಳು ಸುಮಾರು 90 ಪ್ರತಿಶತ ಬಲದಲ್ಲಿದ್ದಾಗ ಅದರ ಗಾಳಿಮಾರ್ಗಗಳಲ್ಲಿ ಅನುರಣನ ಉಂಟಾಗಿ, ಖಾಲಿ ಬಾಟಲಿಯ ಬಾಯಿಗೆ ಊದಿದಂಥ ಆದರೆ ಊರಗಲದ ಒಂದು ಕೂಗು ಹೊರಡುತ್ತಿತ್ತು. ಹಾರಬಲ್ಲ ಕೊನೆಯ ವಲ್ಕನ್ 2015ರಲ್ಲಿ ನೆಲಕ್ಕಿಳಿಯುವವರೆಗೂ ಬ್ರಿಟಿಷರು ಅದರ ಪ್ರದರ್ಶನಗಳಿಗೆ ಹೋಗುತ್ತಿದ್ದುದು ನೋಡಲು ಎಷ್ಟೋ ಅಷ್ಟೇ ಆ ಕೂಗನ್ನು ಕೇಳಲು. ಹೆದರಿಸಲೆಂದು ಕಟ್ಟಿದ ಯಂತ್ರದ ದನಿಗೆ ಜನ ಹೀಗೆ ಮನಸೋಲುವುದು ವಿಚಿತ್ರವೇ ಸರಿ. ಆದರೆ ವಾಯುನೆಲೆಯ ಬೇಲಿಯ ಪಕ್ಕದಲ್ಲಿ ವರ್ಷಾನುಗಟ್ಟಲೆ ಬಾಳುವವರನ್ನು ಕೇಳಿದರೆ ಇದೇ ಉತ್ಸಾಹ ಸಿಗಲಾರದು.

ಇನ್ನು ಉಳಿದದ್ದು ಢಂ. 2020ರ ಮೇ 20ರ ಮಧ್ಯಾಹ್ನ ಬೆಂಗಳೂರು ಕೇಳಿದ ಸದ್ದು ಈ ಜಾತಿಯದು. ಲಾಕ್‌ಡೌನಿನ ದಿನಗಳು, ರಸ್ತೆಗಳು ಮೌನವಾಗಿದ್ದವು. ನಮ್ಮ ಮನೆಯ ಅಡುಗೆಮನೆಯಲ್ಲಿ ತೊಳೆದು ಬೋರಲು ಹಾಕಿದ್ದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು, ಕಿಟಕಿಯ ಗಾಜು ಚೌಕಟ್ಟಿನಲ್ಲಿ ಅದುರಿತು. ಎಲ್ಲೋ ಸಿಲಿಂಡರ್ ಸ್ಫೋಟಿಸಿರಬೇಕೆಂದು ನಾವು ಬಾಲ್ಕನಿಗೆ ಓಡಿದರೆ ಎದುರು ಮನೆಯವರೂ ಅಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದರು. ವೈಟ್‌ಫೀಲ್ಡ್, ಸರ್ಜಾಪುರ, ಎಲೆಕ್ಟ್ರಾನಿಕ್ ಸಿಟಿ, ಎಲ್ಲ ಕಡೆಯೂ ಇದೇ ಕಥೆ. ಭೂಕಂಪವೆಂಬ ಸುದ್ದಿ ಹಬ್ಬಿತು. ಭೂಕಂಪಮಾಪಕಗಳಲ್ಲಿ ಏನೂ ದಾಖಲಾಗಿಲ್ಲವೆಂದು ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರ ತಿಳಿಸಿತು. ಸಂಜೆಯ ಹೊತ್ತಿಗೆ ರಕ್ಷಣಾ ಇಲಾಖೆಯ ವಿವರಣೆ ಬಂತು: ವಾಯುಪಡೆಯ ವಿಮಾನವೊಂದು ನಿಗದಿತ ಪರೀಕ್ಷೆಯಲ್ಲಿ ನಗರದಿಂದ ದೂರದಲ್ಲಿ ಶಬ್ದಾತೀತವಾಗಿ ಹಾರಿ, 36,000ದಿಂದ 40,000 ಅಡಿ ಎತ್ತರದಲ್ಲಿ ವೇಗ ಇಳಿಸುತ್ತಿದ್ದಾಗ ಆ ಸದ್ದು ಉಂಟಾಗಿರಬಹುದು, ವಿಮಾನ 65ರಿಂದ 80 ಕಿಲೋಮೀಟರ್ ದೂರದಲ್ಲಿದ್ದರೂ ಅದು ಕೇಳಿಸುತ್ತದೆ.

ಈ ವಿವರಣೆಯನ್ನು ಓದಿದ ಹಲವರು, ವಿಮಾನ ಶಬ್ದದ ವೇಗವನ್ನು ದಾಟುವ ಆ ಒಂದು ಕ್ಷಣದಲ್ಲಿ ಮಾತ್ರ ಢಂ ಎನ್ನುತ್ತದೆಂದು ತಿಳಿದರು. ಅದು ಸರಿಯಲ್ಲ. ಶಬ್ದಕ್ಕಿಂತ ವೇಗವಾಗಿ ಹಾರುವಷ್ಟು ಹೊತ್ತೂ ವಿಮಾನ ತನ್ನ ಹಿಂದೆ ಶಂಕುವಿನಾಕಾರದ ಆಘಾತ ತರಂಗವನ್ನು ಎಳೆದುಕೊಂಡೇ ಹೋಗುತ್ತದೆ, ದೋಣಿ ತನ್ನ ಹಿಂದೆ ನೀರಿನ ಅಲೆಯನ್ನು ಎಳೆದಂತೆ. ದಡದಲ್ಲಿ ಕುಳಿತವರಿಗೆ ಆ ಅಲೆ ತಟ್ಟುವುದು ಒಂದೇ ಸಲ, ಆದರೆ ದೋಣಿ ಸಾಗುವ ಉದ್ದಕ್ಕೂ ಯಾರಿಗಾದರೂ ತಟ್ಟುತ್ತಲೇ ಇರುತ್ತದೆ. ವಿಮಾನದ ಎತ್ತರದ ಪ್ರತಿ ಸಾವಿರ ಅಡಿಗೆ, ಢಂ ಕೇಳಿಸುವ ನೆಲದ ಪಟ್ಟಿಯ ಅಗಲ ಸುಮಾರು ಒಂದು ಮೈಲಿ ಎಂಬುದು ಸ್ಥೂಲ ಲೆಕ್ಕ. 38,000 ಅಡಿಗೆ ಅದು 60 ಕಿಲೋಮೀಟರ್ ಆಗುತ್ತದೆ. ನೆಲ ತಲುಪಿದಾಗ ಒತ್ತಡದ ಜಿಗಿತ ವಾಯುಮಂಡಲದ ಒತ್ತಡದ ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ. ಆದರೆ ಅದು ಏರುವುದು ಕಣ್ಣು ಮಿಟುಕಿಸುವುದರೊಳಗೆ. ಮೊದಲು ಮೂತಿಯ ತರಂಗದಿಂದ ಏರಿ, ನಂತರ ಸಾಮಾನ್ಯಕ್ಕಿಂತ ಕೆಳಗಿಳಿದು, ಬಾಲದ ತರಂಗದಿಂದ ಮತ್ತೆ ಜಿಗಿಯುತ್ತದೆ. ಹತ್ತಿರದಲ್ಲಿದ್ದರೆ ಎರಡು ಢಂಗಳು ಬಿಡಿಬಿಡಿಯಾಗಿ ಕೇಳಿಸುವುದು ಇದರಿಂದಲೇ. ಇಡೀ ಗೋಡೆಗೆ, ಇಡೀ ಕಿಟಕಿಗೆ ಒಂದೇ ಬಾರಿ ಬೀಳುವ ಈ ತಳ್ಳು ಕಿವಿಗಿಂತ ಮೊದಲು ಮನೆಗೆ ತಟ್ಟುತ್ತದೆ.

ಒಂದು ಢಂ ನೆನಪಾಗಿ ಉಳಿಯುತ್ತದೆ, ದಿನವೂ ಆದರೆ ಏನಾಗುತ್ತದೆ ಎಂಬುದನ್ನು ಅಮೆರಿಕ 1964ರಲ್ಲಿ ಪರೀಕ್ಷಿಸಿಯೇ ನೋಡಿತು. ಶಬ್ದಾತೀತ ಪ್ರಯಾಣಿಕ ವಿಮಾನಗಳನ್ನು ಜನ ಸಹಿಸುವರೇ ಎಂದು ತಿಳಿಯಲು ಓಕ್ಲಹೋಮ ಸಿಟಿಯ ಮೇಲೆ ವಾಯುಪಡೆಯ ಜೆಟ್‌ಗಳನ್ನು ಆರು ತಿಂಗಳ ಕಾಲ ದಿನಕ್ಕೆ ಎಂಟು ಬಾರಿಯಂತೆ ಹಾರಿಸಿ 1,253 ಢಂಗಳನ್ನು ಉಂಟುಮಾಡಲಾಯಿತು. ಮೊದಮೊದಲು ಕೆಲವರು ಅದನ್ನೇ ಗಡಿಯಾರದಂತೆ ಬಳಸಿಕೊಂಡರೂ, ಕೊನೆಯಲ್ಲಿ ನಗರದ ಕಾಲುಭಾಗಕ್ಕೂ ಹೆಚ್ಚು ಜನ ಇದರೊಂದಿಗೆ ಬದುಕಲು ಸಾಧ್ಯವಿಲ್ಲವೆಂದರು. ದೂರುಗಳ ಸಂಖ್ಯೆ 15,000 ದಾಟಿತು. ಅಮೆರಿಕದ ನೆಲದ ಮೇಲೆ ನಾಗರಿಕ ವಿಮಾನಗಳ ಶಬ್ದಾತೀತ ಹಾರಾಟವನ್ನು 1973ರಲ್ಲಿ ನಿಷೇಧಿಸಲಾಯಿತು.

ಹತ್ತಿರದಿಂದ ಕೇಳಿದವರಿಗೆ ಇದು ಬರಿಯ ನೆನಪಿನ ವಿಷಯವೂ ಅಲ್ಲ. ಒಂದು ಕಿವಿಯಲ್ಲಿ ಸುಮಾರು 15,000 ಸೂಕ್ಷ್ಮ ಕೂದಲಕೋಶಗಳಿದ್ದು, ಅತಿಯಾದ ಸದ್ದಿಗೆ ಅವು ಬಗ್ಗಿ ಮುರಿದರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮಿದುಳು ಮಾತ್ರ ಆ ಕಳೆದುಹೋದ ಸ್ವರವನ್ನು ತಾನೇ ಸೃಷ್ಟಿಸಿಕೊಂಡಂತೆ ಒಳಗೊಂದು ಕೀರಲು ದನಿ ಬಿಡದೆ ಕೇಳುತ್ತಿರುತ್ತದೆ. ಅಮೆರಿಕದ ನಿವೃತ್ತ ಸೈನಿಕರು ಪರಿಹಾರ ಪಡೆಯುವ ಸೇವಾಸಂಬಂಧಿ ತೊಂದರೆಗಳಲ್ಲಿ ಮೊದಲ ಸ್ಥಾನ ಈ ಕಿವಿಮೊರೆತಕ್ಕೇ. ಎಂಜಿನ್ ಆರಿ ದಶಕಗಳಾದ ಮೇಲೂ ಅವರ ಪಾಲಿಗೆ ಅದು ಆರಿರುವುದಿಲ್ಲ.

ಥಂಡರ್‌ಸ್ಕ್ರೀಚ್‌ನ ಎರಡು ಮಾದರಿಗಳಲ್ಲಿ ಒಂದು ಉಳಿದುಕೊಂಡಿತು. ಬಹಳ ವರ್ಷ ಅದು ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಊರಿನ ವಿಮಾನ ನಿಲ್ದಾಣದಲ್ಲಿ ಕಂಬವೊಂದರ ಮೇಲೆ ನಿಂತಿತ್ತು. ಈಗ ಒಹಾಯೊದ ಡೇಟನ್‌ನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿದೆ. ಕಂಬದ ಮೇಲಿದ್ದಾಗ ಅದರ ಪ್ರೊಪೆಲ್ಲರನ್ನು ವಿದ್ಯುತ್ ಮೋಟಾರಿನಿಂದ ಮೆಲ್ಲಗೆ ತಿರುಗಿಸುತ್ತಿದ್ದರು. ಕೆಳಗೆ ನಿಂತವರು ಮಾತು ನಿಲ್ಲಿಸಬೇಕಾದ ಅಗತ್ಯವೇ ಇರಲಿಲ್ಲ.